ವಾಟಿ ಗೆಡ್ಡಿಸ್ ಕಿತ್ತ ಗಾರೆ

ಅಬರ್ಡೀನ್ ಸೀಮೆಯಲ್ಲಿ ಗಾರೆ ಕೆಲಸವೆಂದರೆ ವಾಟಿ ಗೆಡ್ಡಿಸ್ ಎತ್ತಿದ ಕೈ. ಎಪ್ಪತ್ತು ದಾಟಿ, ಕರಣೆ ಕೆಳಗಿಟ್ಟು ವರ್ಷಗಳೇ ಆಗಿದ್ದರೂ ಮಳೆ ಬಿದ್ದ ಮರುದಿನ ಅವನು ಗುಡ್ಡ ಹತ್ತಿ ಪಿಟ್‌ಡಾರನ್ನಿನ ಹಳೆಯ ಗೋಪುರಮನೆಗೆ ಹೋಗುತ್ತಿದ್ದ. ಹಜಾರದ ಗೋಡೆಗೆ ಅಂಗೈ ಊರುತ್ತಿದ್ದ. ಒದ್ದೆಯಾದ ಕೈಯನ್ನು ಒರೆಸದೆ ಹಾಗೇ ಮನೆಗೆ ತರುತ್ತಿದ್ದ. ಹೆಂಡತಿ ಐನಾ ಏನೂ ಕೇಳದೆ ಅಡುಗೆಮನೆಯ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದಳು.

ಆ ಗೋಪುರಮನೆಗೆ ನಾನೂರು ವರ್ಷ. ಐದು ಅಂತಸ್ತು, ಆರಡಿ ದಪ್ಪದ ಗೋಡೆ. ಕೆಳಗೆ ದನಗಳಿಗೆ ಕಮಾನಿನ ಕೋಣೆ, ಮೇಲೆ ಒಡೆಯರಿಗೆ ಹಜಾರ. ನೆರೆಯ ಒಡೆಯರು ಎರಡು ಸಲ ಬೆಂಕಿ ಇಟ್ಟರೂ ಅದು ಜಗ್ಗಲಿಲ್ಲ. ದಂಡಿನಿಂದ ಆಗದ್ದನ್ನು ಇಪ್ಪತ್ತರ ಹರೆಯದ ವಾಟಿ ಒಂದೇ ಬೇಸಿಗೆಯಲ್ಲಿ ಮಾಡಿ ಮುಗಿಸಿದ. ಆಗಿನ ಒಡೆಯರಿಗೆ ಚಿತ್ರಪಟದಲ್ಲಿರುವಂಥ ಬರಿಗಲ್ಲಿನ ಕೋಟೆ ಬೇಕಿತ್ತು. ಮಸಿ ಹಿಡಿದು ಕಪ್ಪಾಗಿದ್ದ ಹಳೆಯ ಸುಣ್ಣದ ಗಾರೆಯನ್ನು ವಾಟಿ ಉಳಿ ಹಿಡಿದು ಕಿತ್ತ. ಕಲ್ಲಿನ ಸಂದಿಗೆಲ್ಲ ಸಿಮೆಂಟು ತುಂಬಿದ. ಊರೇ ಬೆನ್ನು ತಟ್ಟಿತು.

ಸುಣ್ಣ ತಾನು ಕುಡಿದ ನೀರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಜಿಪುಣ, ಬಿಡುವುದಿಲ್ಲ. ಮೂರನೇ ಚಳಿಗಾಲಕ್ಕೆ ಹಜಾರ ಬೆವರತೊಡಗಿತು. ತೊಲೆಗಳು ಕೊಳೆತವು, ಒಡೆಯರ ಮನೆತನ ಊರು ಬಿಟ್ಟಿತು. ಹಳೆಯ ಮನೆಗೆ ವಯಸ್ಸಾಯಿತು ಎಂದರು ಜನ. ವಾಟಿಗೆ ನಿಜ ಗೊತ್ತಿತ್ತು. ಆದರೆ ಐವತ್ತು ವರ್ಷ ಅದು ಐನಾಳ ಕಿವಿ ದಾಟಿ ಹೋಗಲಿಲ್ಲ.

ಆಮೇಲೆ ಊನಾ ಲೀಸ್ಕ್ ಎಂಬ ಗಟ್ಟಿಗಿತ್ತಿ ಗೋಪುರವನ್ನು ಕೊಂಡಳು. ಸಿಮೆಂಟು ಕೆರೆಸಿ ಮತ್ತೆ ಸುಣ್ಣದ ಗಾರೆ ಹಾಕಿಸುತ್ತೇನೆ, ಅದೂ ಗುಲಾಬಿ ಬಣ್ಣದ್ದು, ಎಂದಳು. ಊರವರು ಒಪ್ಪಿದರೆ ಮಾತ್ರ ಪರವಾನಗಿ. ಸಭೆ ಸೇರಿತು. ಕಸಾಯಿ ಅಂಗಡಿಯ ಡಾಡ್ ರೆನಿ, ವಾಟಿಯ ಜೊತೆ ಶಾಲೆಗೆ ಹೋದವನು, ಮೊದಲು ಎದ್ದ.

"ನಾನೂರು ವರ್ಷದ ಗೋಪುರಾನ ಸ್ಟ್ರಾಬೆರಿ ಕೇಕ್ ಮಾಡ್ತಾರಂತೆ! ಅದು ನಮ್ ವಾಟಿ ಕೈಕೆಲಸ. ಯಾರೂ ಮುಟ್ಟಕೂಡ್ದು!"

ಚಪ್ಪಾಳೆಯೋ ಚಪ್ಪಾಳೆ. ಎಲ್ಲರೂ ವಾಟಿಯ ಕಡೆ ತಿರುಗಿದರು. ಈಗ ಬಾಯಿ ಮುಚ್ಚಿಕೊಂಡರೆ ಮರ್ಯಾದೆ ಉಳಿಯುತ್ತದೆ, ಗೋಪುರ ಉಳಿಯುವುದಿಲ್ಲ. ಐನಾ ಮೊಣಕೈಯಿಂದ ತಿವಿದಳು. ವಾಟಿ ಎದ್ದು, ಕೋಟಿನ ಜೇಬಿನಿಂದ ಕರಿಯ ಹೆಂಟೆಯೊಂದನ್ನು ತೆಗೆದ.

"ಇದು ಆ ಗೋಡೆಯಿಂದ ನಾನ್ ಕಿತ್ತ ಹಳೇ ಗಾರೆ. ಐವತ್ ವರ್ಷದಿಂದ ನಮ್ ಕೋಳಿಗೂಡಿನ ಬಾಗಿಲಿಗೆ ಒತ್ತು ಕೊಟ್ಟಿದ್ದೆ," ಎಂದು ಮೇಜಿನ ಅಂಚಿಗೆ ಕುಟ್ಟಿದ. ಹೆಂಟೆ ಎರಡಾಯಿತು. ಒಳಗೆಲ್ಲ ಗುಲಾಬಿ. "ಗೋಪುರ ಮೊದ್ಲು ಇದೇ ಬಣ್ಣ. ನಾನ್ ತುಂಬಿದ ಸಿಮೆಂಟಿಂದ್ಲೇ ಅದು ಕೊಳೀತಿರೋದು. ಹಾಳು ಮಾಡಿದ್ದು ನಾನೇ."

ಡಾಡ್ ಒಂದು ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಮತ್ತೆ ಇಷ್ಟ್ ವರ್ಷ ಯಾಕೋ ಬಾಯ್ ಬಿಡ್ಲಿಲ್ಲ?" ಎಂದ ಡಾಡ್.

"ನೀವೆಲ್ಲ ಹೊಗಳ್ತಿದ್ರಿ ಕಣೋ. ಹಿತವಾಗಿತ್ತು."

"ಅಯ್ಯೋ ಪಾಪಿ! ಆ ಬರಿಗಲ್ಲಿನ ಚಿತ್ರ ಅಚ್ಚು ಹಾಕ್ಸಿ ಮೂರು ಸಾವಿರ ಚೀಲ ಮಾಡ್ಸಿಟ್ಟಿದೀನಲ್ಲೋ ಅಂಗ್ಡೀಲಿ!"

"ಕೂತು ಒಂದೊಂದಕ್ಕೂ ಬಣ್ಣ ಹಚ್ಚು ಡಾಡ್, ಕೈಗೆ ಕೆಲ್ಸ ಆಗತ್ತೆ!" ಎಂದು ಐನಾ ಕೂಗಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಡಾಡ್ ಕೂಡ ನಕ್ಕ. ಊನಾಳ ಪರ ಕೈ ಎತ್ತಿದವರಲ್ಲಿ ಅವನೇ ಮೊದಲಿಗ.

ಬೇಸಿಗೆಯಲ್ಲಿ ಅಟ್ಟಣಿಗೆ ಕಟ್ಟಿ ಸಿಮೆಂಟು ಕೆರೆದು ತೆಗೆದರು. ಈ ಸುಣ್ಣದ ಗಾರೆಯನ್ನು ಬಳಿಯುವುದಲ್ಲ, ಕರಣೆಯಿಂದ ಗೋಡೆಗೆ ಬೀಸಿ ಎಸೆಯಬೇಕು. ಮೊದಲ ಎಸೆತ ವಾಟಿಯದೇ ಆಗಬೇಕೆಂದು ಊನಾ ಹಟ ಹಿಡಿದಳು. ಅವನು ಬೀಸಿದ. ಅರ್ಧ ಗೋಡೆಗೆ ಬಿತ್ತು, ಅರ್ಧ ಹಿಂದೆ ನಿಂತಿದ್ದ ಡಾಡ್‌ನ ಟೋಪಿಗೆ.

"ಗೋಪುರಕ್ಕಿಂತ ನಂಗೇ ಚೆನ್ನಾಗ್ ಒಪ್ತದೆ ಬಿಡು," ಎಂದ ಡಾಡ್. ಆ ಟೋಪಿಯನ್ನು ಅವನು ಇಂದಿಗೂ ತೊಳೆದಿಲ್ಲ.

ಆರಡಿ ಗೋಡೆ ಒಂದೆರಡು ದಿನದಲ್ಲಿ ಒಣಗುವಂಥದ್ದಲ್ಲ. ಮೊದಲ ಚಳಿಗಾಲ ಅಂಗೈ ಒದ್ದೆಯೇ ಆಯಿತು. ಎರಡನೆಯದರಲ್ಲಿ ಬರೀ ತಂಪು. ಮೂರನೇ ವರ್ಷದ ಅಕ್ಟೋಬರಿನಲ್ಲಿ ನಾಲ್ಕು ದಿನ ಮಳೆ ಹೊಯ್ದು ಬಿಟ್ಟಾಗ ವಾಟಿ ಗುಡ್ಡ ಹತ್ತಿದ. ಹಜಾರದ ಗೋಡೆಗೆ ಅಂಗೈ ಊರಿ, ಮನೆಗೆ ಬಂದು ಬಾಗಿಲಲ್ಲೇ ಕೈ ಚಾಚಿದ. ಐನಾ ರೂಢಿಯಂತೆ ಬಟ್ಟೆ ತಂದು ಆ ಅಂಗೈ ಹಿಡಿದಳು.

"ಒರೆಸೋಕೆ ಏನೂ ಇಲ್ವಲ್ಲೋ ಮುದುಕ!" ಎಂದಳು. ಅದೇ ಬಟ್ಟೆಯಿಂದ ತನ್ನ ಕಣ್ಣು ಒರೆಸಿಕೊಂಡಳು.