ನನ್ನ ಬೆರಳಿಗೆ ಹಾಕಿಕೊಂಡ ಕ್ಲಿಪ್

ಜೋಗೇಶ್ವರಿಯಲ್ಲಿ ನಾನು ಕೆಲಸ ಮಾಡುವ ಯೂನಿಟ್‌ನಲ್ಲಿ ಮೊಬೈಲ್ ಚಾರ್ಜರ್ ಜೋಡಿಸುತ್ತಾರೆ. ಪ್ರತಿ ಪೀಸನ್ನೂ ಟೆಸ್ಟರ್‌ಗೆ ಚುಚ್ಚಿ ನೋಡಬೇಕು. ಸರಿಯಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು ದೀಪ, ಜೊತೆಗೆ ಕಿವಿಗೆ ಇರಿಯುವಂಥ ಸದ್ದು. ಸದ್ದಾದರೆ ಸೂಪರ್‌ವೈಸರ್ ಕುರ್ಚಿ ಬಿಟ್ಟು ಎದ್ದು ಬರುತ್ತಾನೆ. ಅದಕ್ಕೇ ನಾವು ಹುಡುಗಿಯರು ಒಂದು ಒಳ್ಳೆಯ ಪೀಸನ್ನು ಮಡಿಲಲ್ಲಿ ಇಟ್ಟುಕೊಂಡಿರುತ್ತೇವೆ. ಕೆಟ್ಟದ್ದನ್ನು ಕಿತ್ತು ಅದನ್ನು ಚುಚ್ಚಿದರೆ ದೀಪ ಹಸಿರಾಗುತ್ತದೆ, ಅವನು ಮತ್ತೆ ಕುಳಿತುಕೊಳ್ಳುತ್ತಾನೆ. ಕೆಟ್ಟದ್ದನ್ನು ಆಮೇಲೆ ನಿಧಾನವಾಗಿ ಬಿಚ್ಚಿ ಸರಿಮಾಡುತ್ತೇವೆ. ಏಳನೆಯ ತರಗತಿ ಮುಗಿಸಿ ಮುನ್ಸಿಪಾಲ್ಟಿಯ ಕನ್ನಡ ಶಾಲೆ ಬಿಟ್ಟ ಮೇಲೆ ನಾನು ಕಲಿತ ವಿದ್ಯೆ ಇದು.

ನನ್ನ ತಮ್ಮನಿಗೆ ಆಗ ಎಂಟು ವರ್ಷ. ನ್ಯುಮೋನಿಯಾ ಜೋರಾಗಿ ಅವನನ್ನು ದೊಡ್ಡ ಆಸ್ಪತ್ರೆಯ ಮಕ್ಕಳ ಐಸಿಯುಗೆ ಸೇರಿಸಿದರು. ಅಬ್ಬಾ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗಿದ್ದರು. ಅಮ್ಮಿ ಎರಡು ಮನೆಗಳ ಅಡುಗೆ ಮುಗಿಸಿ ಬರುವವರೆಗೆ ನಾನು ಅವನ ಹತ್ತಿರ ಕೂರುತ್ತಿದ್ದೆ. ಅವನ ಮುಖಕ್ಕೆ ಆಕ್ಸಿಜನ್ ಮಾಸ್ಕ್, ಬೆರಳಿಗೆ ಕೆಂಪು ಬೆಳಕಿನ ಒಂದು ಕ್ಲಿಪ್. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂಬುದನ್ನು ಆ ಕ್ಲಿಪ್ ಮಂಚದ ಮೇಲಿನ ಪರದೆಗೆ ಹೇಳುತ್ತದೆ ಎಂದು ವಾರ್ಡಿನ ಸಿಸ್ಟರ್ ಮೊದಲ ದಿನವೇ ಹೇಳಿದ್ದರು. ಅವರು ಮರಾಠಿಯವರು. ನನ್ನೊಂದಿಗೆ ಹಿಂದಿಯಲ್ಲಿ ಮಾತಾಡುತ್ತಿದ್ದರು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತಮ್ಮ ಆ ಕ್ಲಿಪ್ಪನ್ನು ಕಿತ್ತು ಕಿತ್ತು ಹಾಕುತ್ತಿದ್ದ. ಕಿತ್ತಾಗಲೆಲ್ಲ ಯಂತ್ರ ಕೂಗುತ್ತಿತ್ತು. ಸಿಸ್ಟರ್ ಓಡಿ ಬಂದು ಮತ್ತೆ ಹಾಕಿ, ಇನ್ನೊಂದು ಮಂಚದ ಕಡೆ ಓಡುತ್ತಿದ್ದರು.

"ನಿನ್ನ ತಮ್ಮ ನನ್ನನ್ನು ಓಡಿಸಿ ಓಡಿಸಿ ತೆಳ್ಳಗೆ ಮಾಡಿಯೇ ಬಿಡುತ್ತಾನೆ" ಎಂದು ಒಮ್ಮೆ ನಕ್ಕರು.

ಅವತ್ತು ಮಧ್ಯಾಹ್ನ ಅವನು ತುಂಬ ಹೊತ್ತು ಅತ್ತು ಆಗಷ್ಟೇ ಕಣ್ಣು ಮುಚ್ಚಿದ್ದ. ಕ್ಲಿಪ್ ಜಾರಿ ಯಂತ್ರ ಮತ್ತೆ ಕೂಗಿತು. ಅವನ ಬೆರಳಿಗೆ ಹಾಕಿದರೆ ಎಚ್ಚರವಾಗುತ್ತಾನೆ, ಹಾಕದಿದ್ದರೆ ಕೂಗು ನಿಲ್ಲುವುದಿಲ್ಲ. ನಾನು ಅದನ್ನು ನನ್ನ ಬೆರಳಿಗೆ ಹಾಕಿಕೊಂಡು, ಕೈಯನ್ನು ಅವನ ಚಾದರದೊಳಗೆ ಸೇರಿಸಿದೆ. ಪರದೆಯ ಮೇಲೆ ಒಳ್ಳೆಯ ಅಂಕಿ ಬಂತು. ಸದ್ದು ನಿಂತಿತು. ಹೆಚ್ಚು ಯೋಚಿಸಿ ಮಾಡಿದ್ದಲ್ಲ. ಯೂನಿಟ್‌ನಲ್ಲಿ ದಿನಾ ಮಾಡುವುದನ್ನೇ ಕೈ ಇಲ್ಲಿಯೂ ಮಾಡಿತು.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದರು, ಪರದೆ ನೋಡಿದರು, ಚಾರ್ಟಿನಲ್ಲಿ ಬರೆದುಕೊಂಡರು. "ಮಲಗಿದನಾ? ಒಳ್ಳೆಯದಾಯಿತು" ಎಂದು ಪಕ್ಕದ ಮಂಚಕ್ಕೆ ಹೋದರು. ಅಲ್ಲಿನ ಮಗುವಿಗೆ ಫಿಟ್ಸ್ ಬರುತ್ತಿತ್ತು.

ನಾನು ಗೋಡೆಗೆ ಒರಗಿದೆ. ತೂಕಡಿಸಿದೆನೋ ಇಲ್ಲವೋ ಗೊತ್ತಿಲ್ಲ. ತಮ್ಮ ಮಗ್ಗುಲಾದಾಗ ಮಾಸ್ಕ್ ಗಲ್ಲದ ಕೆಳಗೆ ಸರಿದದ್ದನ್ನು ನಾನು ನೋಡಲಿಲ್ಲ. ಅವನ ತುಟಿ ನೀಲಿಯಾದದ್ದನ್ನು ಮೊದಲು ಕಂಡದ್ದು ನೆಲ ಒರೆಸುತ್ತಿದ್ದ ಮೌಶಿ. ಅವರು ಕೂಗಿಕೊಂಡ ಗಳಿಗೆಯಲ್ಲಿ, ಎಲ್ಲರೂ ಬಂದು ಸೇರುವ ಮೊದಲು, ನಾನು ಕ್ಲಿಪ್ ತೆಗೆದು ಅವನ ಬೆರಳಿಗೆ ಹಾಕಿದೆ. ಈ ಎರಡನೆಯದನ್ನು ಯೋಚಿಸಿಯೇ ಮಾಡಿದೆ.

ಅವನ ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದರು. ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರೂ ಡಾಕ್ಟರ್ ಸಿಸ್ಟರಿಗೆ ಬೈಯುವುದು ಕೇಳಿಸುತ್ತಿತ್ತು. "ಈಗಷ್ಟೇ ಇಷ್ಟು ಚೆನ್ನಾಗಿದೆ ಅಂತ ಬರೆದಿದ್ದೀರಿ, ಮಗು ನೀಲಿಯಾಗಿದೆ. ಕೂತಲ್ಲೇ ಬರೆದಿರಾ?" ಸಿಸ್ಟರ್ "ನೋಡಿಯೇ ಬರೆದೆ, ಸರ್" ಎಂದರು. ಅದನ್ನೇ ಮತ್ತೆ ಹೇಳಿದರು. ಮರುದಿನದಿಂದ ಅವರು ಆ ವಾರ್ಡಿನಲ್ಲಿ ಇರಲಿಲ್ಲ. ನೋಡದೆ ಬರೆಯುವವಳು ಎಂದು ಬೇರೆ ಕಡೆ ಹಾಕಿದರಂತೆ ಎಂದು ಮೌಶಿ ಹೇಳಿದರು.

ಅಮ್ಮಿಗೆ ಹೇಳಿದೆ. ಅವಳು ಟಿಫಿನ್ ಡಬ್ಬಿ ಮುಚ್ಚುತ್ತಾ ನನ್ನ ಮುಖ ನೋಡದೆ ಹೇಳಿದಳು: "ಹುಡುಗ ಮೊದ್ಲ ಮನೀಗೆ ಬರ್ಲಿ. ಈಗ ಬಾಯಿ ಬಿಟ್ರ ಅವನ್ನೂ ಹೊರಗ ಹಾಕ್ತಾರ. ಸುಮ್ನ ಕುಂದ್ರು."

ನನಗೆ ಬೇಕಾಗಿದ್ದದ್ದೂ ಅದೇ ಮಾತು. ಸುಮ್ಮನೆ ಕುಳಿತೆ.

ತಮ್ಮನ ನಳಿಕೆ ತೆಗೆದ ಮೇಲೆ ಒಬ್ಬ ಮೇಡಂ ಬಂದರು. ಉಡುಪಿ ಕಡೆಯವರು. ಮೊದಲು ಐಸಿಯುನಲ್ಲಿ ನರ್ಸ್ ಆಗಿದ್ದರಂತೆ, ಈಗ ನರ್ಸಿಂಗ್ ಕಾಲೇಜಿನಲ್ಲಿ ಕಲಿಸುತ್ತಾರೆ. ಐಸಿಯುನ ಅಲಾರಾಂಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ದಿನವಿಡೀ ಸುಮ್ಮಸುಮ್ಮನೆ ಕೂಗುವ ಯಂತ್ರಗಳ ನಡುವೆ ನಿಜವಾದ ಕೂಗು ತಪ್ಪಿಹೋಗದಂತೆ ಏನು ಮಾಡಬಹುದು ಎಂದು ತಿಳಿಯಲು ನರ್ಸುಗಳನ್ನು ಮಾತ್ರವಲ್ಲ, ಮಕ್ಕಳ ಜೊತೆ ಕೂರುವ ನಮ್ಮಂಥವರನ್ನೂ ಕೇಳುತ್ತಿದ್ದರು. ನನಗೆ ಕನ್ನಡ ಬರುತ್ತದೆಂದು ತಿಳಿದು ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡರು.

"ಹೆದರ್ಬೇಡ ಮಾರಾಯ್ತಿ, ನಾನು ಬೈಲಿಕ್ಕೆ ಬಂದದ್ದಲ್ಲ. ಹೆಸರು ಎಲ್ಲಿಯೂ ಬರೆಯುವುದಿಲ್ಲ. ಅಲಾರಾಂ ಆದಾಗ ನೀನು ಎಂತ ಮಾಡ್ತಿ, ಅಷ್ಟು ಹೇಳು."

"ಏನೂ ಮಾಡಲ್ರಿ."

"ಕ್ಲಿಪ್ ಜಾರಿದ್ರೆ?"

"ಸಿಸ್ಟರ್‌ನ ಕರಿತೀನ್ರಿ."

"ಯಾವಾಗ್ಲೂ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮದೇ ಹೇಳಿಕೊಂಡರು. "ನಾನು ಹೊಸತರಲ್ಲಿ ಆ ಸದ್ದು ತಡೆಯಲಿಕ್ಕಾಗದೆ ವಾಲ್ಯೂಮೇ ಇಳಿಸಿಬಿಟ್ಟಿದ್ದೆ. ಮಗುವಿಗೆ ಎಂತದೂ ಆಗ್ಲಿಲ್ಲ, ನನ್ನ ಪುಣ್ಯ. ಅದಕ್ಕೇ ಕೇಳುವುದು."

ನಾನು ಹೇಳಿದೆ. ಟೆಸ್ಟರ್, ಮಡಿಲಲ್ಲಿಟ್ಟುಕೊಳ್ಳುವ ಪೀಸ್, ಚಾದರದೊಳಗಿನ ನನ್ನ ಕೈ, ಎಲ್ಲ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಬೆರಳು ನೋಡಿದರು, ಆಮೇಲೆ ಮತ್ತೆ ಬರೆದರು.

"ಇದನ್ನು ನಾವ್ಯಾರೂ ಯೋಚಿಸಿಯೇ ಇರ್ಲಿಲ್ಲ ನೋಡು" ಎಂದರು.

"ಹಂಗಾದ್ರ ಆ ಸಿಸ್ಟರ್ ವಾಪಸ್ ಬರ್ತಾರೇನ್ರಿ?"

"ಇಲ್ಲ."

"ಯಾಕ್ರಿ? ನೀವು ಹೇಳ್ತೀರಲ್ಲ?"

"ನಿನಗೆ ಮಾತು ಕೊಟ್ಟಿದ್ದೇನೆ. ನೀನು ಹೇಳಿದ್ದು ಯಾರದ್ದೆಂದು ಯಾರಿಗೂ ಗೊತ್ತಾಗ್ಬಾರ್ದು, ನಿನ್ನ ಸಿಸ್ಟರಿಗೂ. ನಾನು ಒಂದು ಸಲ ಬಾಯಿ ಬಿಟ್ಟರೆ ನಾಳೆಯಿಂದ ಯಾರೂ ನಮಗೆ ನಿಜ ಹೇಳುವುದಿಲ್ಲ. ಇದರಿಂದ ಮುಂದೆ ಬರುವ ಮಕ್ಕಳಿಗೆ ಒಳ್ಳೆಯದಾದೀತು. ಆ ಸಿಸ್ಟರಿಗೆ ಆಗ್ಬೇಕಾದ್ರೆ ನೀನೇ ಮೇಟ್ರನ್ ಹತ್ತಿರ ಹೋಗ್ಬೇಕು."

ಬೆಂಚಿನಿಂದ ಏಳುವಾಗ ನನಗೆ ಹಗುರವಾಗಿತ್ತು, ಅದೇ ತಪ್ಪಾಯಿತು. ಒಬ್ಬರಿಗಾದರೂ ಹೇಳಿದೆನಲ್ಲ ಎಂದುಕೊಂಡು ಮೇಟ್ರನ್ ಕೋಣೆಯ ಮುಂದಿನಿಂದಲೇ ದಿನಾ ಓಡಾಡಿದೆ. ತಮ್ಮ ಎದ್ದು ಕೂತ, ಖಿಚಡಿ ತಿಂದ, ಮನೆಗೆ ಬಂದ. ಆಮೇಲೂ ಹೋಗಲಿಲ್ಲ. ಅವನನ್ನು ಹೊರಗೆ ಹಾಕುತ್ತಾರೆಂಬ ಭಯಕ್ಕೆ ಆಗ ಕಾರಣವೇ ಉಳಿದಿರಲಿಲ್ಲ.

ಮರುತಪಾಸಣೆಗೆ ಕರೆದ ದಿನ ಅಮ್ಮಿಗೆ ರಜೆ ಸಿಗದೆ ನಾನೇ ಅವನನ್ನು ಕರೆದುಕೊಂಡು ಹೋದೆ. ಒಪಿಡಿಯಲ್ಲಿ ಮಕ್ಕಳ ತೂಕ ನೋಡುತ್ತಾ ಕುಳಿತಿದ್ದವರು ಅದೇ ಸಿಸ್ಟರ್. ನಮ್ಮನ್ನು ಕಂಡು ಕೈ ಆಡಿಸಿದರು. ಸಾಲಿನಲ್ಲಿ ನಮಗಿಂತ ಮುಂದೆ ಬಹಳ ಜನ ಇದ್ದರು. ನಾನು ತಮ್ಮನನ್ನು ಎಳೆದುಕೊಂಡು ನೇರವಾಗಿ ಮೇಟ್ರನ್ ಕೋಣೆಗೆ ಹೋದೆ.

ಮೇಟ್ರನ್ ಪೂರ್ತಿ ಕೇಳಿಸಿಕೊಂಡರು. "ಇಷ್ಟು ದಿನ ಎಲ್ಲಿದ್ದೆ?" ಎಂದಷ್ಟೇ ಕೇಳಿದರು. ಡಾಕ್ಟರಿಗೂ ಹೇಳುತ್ತೀಯಾ ಎಂದಾಗ ಹೂಂ ಎಂದೆ. ಅವರನ್ನು ಕರೆಸಿದರು. ಮತ್ತೆ ಹೇಳಿದೆ.

ಹೊರಗೆ ಬಂದಾಗ ತಮ್ಮ ನನ್ನ ಓಢಣಿ ಜಗ್ಗಿದ. ಅವನಿಗೂ ಆಗಲೇ ಗೊತ್ತಾದದ್ದು.

"ಹಂಗಾದ್ರ ಇಂಜೆಕ್ಷನ್ನೂ ನೀನ ತಗೋಬೇಕಿತ್ತಲ್ಲ, ಆಪಾ" ಎಂದ.

ಮತ್ತೆ ಸಾಲಿನ ಕೊನೆಗೆ ನಿಂತೆವು. ನಮ್ಮ ಸರದಿ ಬಂದಾಗ ಸಿಸ್ಟರಿಗೆ ನಿಂತಲ್ಲೇ ಹೇಳಿದೆ. ಅವರು ತಮ್ಮನನ್ನು ತಕ್ಕಡಿಯ ಮೇಲೆ ನಿಲ್ಲಿಸಿದ್ದರು. ಮುಳ್ಳು ನೋಡುತ್ತಲೇ ಮಾತಾಡಿದರು.

"ನನಗೆ ಹುಚ್ಚು ಹಿಡಿದಿತ್ತು ಅಂದುಕೊಂಡಿದ್ದೆ. ನೋಡಿ ಬರೆದದ್ದು ನೆನಪಿದೆ, ಎಲ್ಲರೂ ನೋಡಿಲ್ಲ ಅಂತಾರೆ" ಎಂದರು. ಆಮೇಲೆ, "ಆದರೆ ನಾನು ಪರದೆ ನೋಡಿದೆ, ಅವನ ಮುಖ ನೋಡಲಿಲ್ಲ. ಅದು ನಿನ್ನ ಬೆರಳಿನ ತಪ್ಪಲ್ಲ. ಉಳಿದದ್ದು ನಿನ್ನದೇ" ಎಂದರು.

ಮಾಫಿ ಕೇಳಿದೆ. ಅವರು ತಮ್ಮನನ್ನು ತಕ್ಕಡಿಯಿಂದ ಇಳಿಸಿದರು. ನಮ್ಮ ಹಿಂದೆ ನಿಂತಿದ್ದ ಹೆಂಗಸು ತಡವಾಯಿತೆಂದು ಗೊಣಗುತ್ತಿದ್ದಳು.

ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಡ್ರಾಯರಿನಿಂದ ಚಿಕ್ಕ ಕ್ಲಿಪ್ ತೆಗೆದು ಅವನ ಬೆರಳಿಗೆ ಹಾಕಿದರು. ಯಂತ್ರದ ಕಡೆ ತಿರುಗಲಿಲ್ಲ. ಮೊದಲು ಅವನ ತುಟಿ ನೋಡಿದರು, ಅಂಗಿ ಎತ್ತಿ ಎದೆ ಏರಿಳಿಯುವುದನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹಾಥ್ ಟೇಬಲ್ ಪೇ ರಖ್" ಎಂದರು.

ನಾನು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟೆ. ಆಗ ಅವರು ಅಂಕಿ ನೋಡಿ ಬರೆದುಕೊಂಡರು.