ಮೀನುಪೇಟೆಯ ಕೊಂಕಣಿ

ಭಟ್ಕಳದ ಬಟ್ಟೆ ಅಂಗಡಿಗಳಲ್ಲಿ ನಾನು ಎಷ್ಟೇ ಠೀವಿಯಿಂದ ಉರ್ದುವಿನಲ್ಲಿ ಮಾತು ಶುರುಮಾಡಿದರೂ ಅಂಗಡಿಯವರು ಉತ್ತರ ಕೊಡುವುದು ಮಾತ್ರ ಕನ್ನಡದಲ್ಲಿ. ಇದನ್ನು ನಾನು ಬಹುಕಾಲ ನನ್ನ ನರೆಗೂದಲಿಗೆ ಸಲ್ಲುವ ಗೌರವವೆಂದೇ ಭಾವಿಸಿದ್ದೆ; ಅದು ನನ್ನ ಉರ್ದುವಿನ ಮೇಲೆ ಅವರು ತೋರುತ್ತಿದ್ದ ಕನಿಕರವೂ ಇರಬಹುದೆಂಬ ಸಂಶಯ ಹುಟ್ಟಿದ್ದು ಈಚೆಗೆ. ನಮ್ಮ ಕರಾವಳಿಯಲ್ಲಿ ಬಾಳಿದವರಿಗೆ ಇಂಥ ಭ್ರಮೆ ಬಲುಬೇಗ ಅಂಟಿಕೊಳ್ಳುತ್ತದೆ. ಪೇಟೆಯಲ್ಲಿ ಒಂದು ನುಡಿ, ಬಸ್ ನಿಲ್ದಾಣದಲ್ಲಿ ಇನ್ನೊಂದು, ಬೇಲಿಯಾಚೆ ಮತ್ತೊಂದು ಸದಾ ಕಿವಿಗೆ ಬೀಳುತ್ತಿರುವುದರಿಂದ ಕೇಳಿದ್ದೆಲ್ಲ ಕಲಿತದ್ದೇ ಎಂದು ಮನಸ್ಸು ನಂಬಿಬಿಡುತ್ತದೆ. ನಾನಂತೂ ಹೊನ್ನಾವರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಒಂದು ಭಾಷೆಯನ್ನು ಅರೆದು ಕುಡಿದವನಿಗೆ ಉಳಿದವು ತಾವಾಗಿಯೇ ಒಲಿದು ಬರುತ್ತವೆ ಎಂಬುದು ನನ್ನ ಸಿದ್ಧಾಂತ. ಅದಕ್ಕೆ ವಿರುದ್ಧವಾದ ಸಾಕ್ಷ್ಯಗಳನ್ನು ನನ್ನ ಹೆಂಡತಿ ಆಗಾಗ ಒದಗಿಸುತ್ತಿದ್ದಳು ನಿಜ. ಆದರೆ ಸಂಸಾರದಲ್ಲಿ ಸಾಕ್ಷ್ಯಕ್ಕೆ ಬೆಲೆ ಕೊಡುವ ಗಂಡಸನ್ನು ನೀವಾದರೂ ಎಲ್ಲಿ ಕಂಡಿದ್ದೀರಿ?

ನಮ್ಮ ಪಕ್ಕದ ಮನೆಯ ಮಂಗಲಾಳ ಮನೆಮಾತು ಕೊಂಕಣಿ. ಗಂಡ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಮಗಳು ಶ್ರೇಯಾ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ. ಆ ಹುಡುಗಿಗೆ ಓದಲು ಬರುತ್ತಿರಲಿಲ್ಲ. ಪಕಾರ ವಕಾರಗಳು ಅವಳ ಕಣ್ಣೆದುರು ಜಾಗ ಬದಲಿಸಿಕೊಳ್ಳುತ್ತಿದ್ದವು. ಒತ್ತಕ್ಷರ ಕಂಡರೆ ಪುಸ್ತಕವನ್ನೇ ಮುಚ್ಚಿಬಿಡುತ್ತಿದ್ದಳು. ಎರಡೆರಡು ಭಾಷೆಯ ಭಾರಕ್ಕೆ ಮಗುವಿನ ತಲೆ ಕುಗ್ಗಿದೆಯೆಂದೂ, ಮನೆಯಲ್ಲಿ ಕೊಂಕಣಿ ನಿಲ್ಲಿಸಿದರೆ ಎಲ್ಲ ಸರಿಹೋದೀತೆಂದೂ ಯಾರೋ ಸದುದ್ದೇಶದಿಂದಲೇ ಸಲಹೆ ಕೊಟ್ಟರು. ಮಂಗಲಾ ಅದನ್ನು ವ್ರತದಂತೆ ಪಾಲಿಸಿದಳು. ಮಗಳ ಜೊತೆ ಬರೀ ಕನ್ನಡ. ಓದು ಸುಧಾರಿಸಲಿಲ್ಲ, ಬೇಲಿಯಾಚೆಯಿಂದ ಸದಾ ಕೇಳಿಬರುತ್ತಿದ್ದ ಹುಡುಗಿಯ ಹರಟೆ ಮಾತ್ರ ನಿಂತುಹೋಯಿತು.

ಒಂದು ಸಂಜೆ ಮಂಗಲಾ ನಮ್ಮ ಜಗಲಿಗೆ ಬಂದಳು. "ಮಾಸ್ತರ್ರೆ, ಇವಳಿಗೆ ಬುದ್ಧಿಯೇ ಕಡಿಮೆ ಅಂತ ಶಾಲೆಲಿ ಹೇಳ್ತ್ರು. ಕುಮಟೆಲಿ ಒಬ್ರು ಮೇಡಂ ಪರೀಕ್ಷೆ ಮಾಡ್ತ್ರಂತೆ. ಕೊಂಕಣಿ ಬಲ್ಲವ್ರು ಒಬ್ರು ಬೇಕು ಅಂದ್ರು. ನಾನೇ ಕೂತ್ರೆ ಮಗಳ ಬದ್ಲಿಗೆ ಉತ್ರ ಹೇಳ್ಬಿಡ್ತೆ ಅಂತ ಅವ್ರಿಗೆ ಅನುಮಾನ. ನಮ್ಮವ್ರೆಲ್ಲ ಬೋಟಿಗೆ ಹೋಗ್ಯಾರೆ. ಯಾರನ್ನ ಕೇಳೂದು?"

"ಯಾರನ್ನೂ ಕೇಳುವುದು ಬೇಡ, ನಾನಿಲ್ಲವೇ?" ಎಂದೆ.

ಮಂಗಲಾ ಸಂಕೋಚದಿಂದ, "ನಿಮ್ಗೆ ಕೊಂಕಣಿ ಬತ್ತದ್ಯಾ?" ಎಂದಳು. ನಾನು ಕೊಂಕಣಿಯಲ್ಲಿಯೇ ಒಂದು ನಿರರ್ಗಳ ವಾಕ್ಯವನ್ನು ಉದುರಿಸಿದೆ. ಅದು ಬಂಗಡೆ ಮೀನಿನ ಆ ದಿನದ ದರವನ್ನು ಕುರಿತದ್ದಾಗಿತ್ತು. ಒಳಗಿನಿಂದ ನನ್ನ ಹೆಂಡತಿ ಕೆಮ್ಮಿದ್ದು ಕೇಳಿಸಿತು.

ಕುಮಟೆಯ ಪರೀಕ್ಷೆಯ ಕೋಣೆಯಲ್ಲಿ ನಮ್ಮನ್ನು ಎದುರುಗೊಂಡ ಮನಃಶಾಸ್ತ್ರಜ್ಞೆ ಚೈತ್ರಾ ಮೈಸೂರು ಕಡೆಯ ತರುಣಿ. ಮೃದುಮಾತಿನವರು. ಹುಡುಗಿಯ ಬುದ್ಧಿಯೇ ಮಂದವೋ, ಬುದ್ಧಿ ಚೆನ್ನಾಗಿದ್ದು ಓದುಬರಹದಲ್ಲಿ ಮಾತ್ರ ತೊಡಕೋ ಎಂಬುದನ್ನು ಈ ಪರೀಕ್ಷೆ ತಿಳಿಸಬೇಕೆಂದೂ, ಅದರ ಮೇಲೆ ಶಾಲೆಯವರ ಮುಂದಿನ ತೀರ್ಮಾನ ನಿಂತಿದೆಯೆಂದೂ ವಿವರಿಸಿದರು. ಕನ್ನಡದಲ್ಲಿ ಕೇಳಿದರೆ ಶ್ರೇಯಾ ತುಟಿ ಬಿಚ್ಚುತ್ತಿಲ್ಲವಾದ್ದರಿಂದ ಪ್ರಶ್ನೆಗಳನ್ನು ಮನೆಮಾತಿಗೆ ತಿರುಗಿಸುವ ಹೊಣೆ ನನ್ನದು. ಮಂಗಲಾಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ದುಭಾಷಿಯ ಪೀಠದಲ್ಲಿ ನಾನು ವಿರಾಜಮಾನನಾದೆ. ದುಭಾಷಿಗೂ ದುರ್ಭಾಷಿಗೂ ನಡುವೆ ಒಂದು ರೇಫದ ಅಂತರವಷ್ಟೇ ಇರುವುದು ಆಗ ನನಗೆ ಹೊಳೆಯಲಿಲ್ಲ.

ಮೊದಲು ಒಂದು ಚಿತ್ರ: ಮಾವು, ಬಾಳೆ, ಕಿತ್ತಳೆ, ಕುರ್ಚಿ. ಗುಂಪಿಗೆ ಸೇರದ್ದು ಯಾವುದು? ಕೊಂಕಣಿಯಲ್ಲಿ 'ಸೇರದ್ದು' ಎನ್ನಲು ನನ್ನ ಬಳಿ ಶಬ್ದವಿರಲಿಲ್ಲ. ಬುಟ್ಟಿಯಿಂದ ತೆಗೆದು ಬದಿಗಿಡಬೇಕಾದ ವಸ್ತುವಿಗೆ ಮೀನುಪೇಟೆಯಲ್ಲಿ ನಾನು ಬಳಸುತ್ತಿದ್ದ ಶಬ್ದ ಒಂದೇ. ಅದನ್ನೇ ಧೈರ್ಯವಾಗಿ ಪ್ರಯೋಗಿಸಿದೆ. ಶ್ರೇಯಾ ಚಿತ್ರದ ಮೇಲೆ ಬಗ್ಗಿ, ಒಂದೊಂದು ಹಣ್ಣನ್ನೂ ಬಹಳ ಹೊತ್ತು ಪರಿಶೀಲಿಸಿ, "ಯಾವ್ದೂ ಅಲ್ಲ" ಎಂದಳು. ಚೈತ್ರಾ ಏನೋ ಬರೆದುಕೊಂಡರು.

ಮುಂದಿನದು, ದೋಣಿಗೂ ಬಸ್ಸಿಗೂ ಏನು ಹೋಲಿಕೆ ಎಂಬ ಪ್ರಶ್ನೆ. ಉಪಮಾಲಂಕಾರವನ್ನು ಜೀವಮಾನವಿಡೀ ಬೋಧಿಸಿದವನಿಗೆ ಹೋಲಿಕೆಯ ಕೊಂಕಣಿ ಶಬ್ದ ಸಿಗಲಿಲ್ಲ. ದೋಣಿಯೂ ಬಸ್ಸೂ ಒಂದೇ ಹೌದೋ ಅಲ್ಲವೋ ಎಂದು ಕೇಳಿದೆ. "ಅಲ್ಲ" ಎಂದಳು ಹುಡುಗಿ, ಅನುಮಾನವೇ ಇಲ್ಲದೆ. ಚೈತ್ರಾ ಮತ್ತೆ ಬರೆದುಕೊಂಡರು. ಬಾಗಿಲಿನ ಸಂದಿಯಲ್ಲಿ ಮಂಗಲಾಳ ಸೆರಗು ಕಾಣುತ್ತಿತ್ತು.

ಆಮೇಲೆ ಅಂಕಿಗಳು. ಚೈತ್ರಾ ಕನ್ನಡದಲ್ಲಿ ಓದಿ, ನಾನು ಕೊಂಕಣಿಯಲ್ಲಿ ಹೇಳಿದ ಅಂಕಿಗಳನ್ನು ಅವಳು ಹಿಂದುಮುಂದಾಗಿ ಒಪ್ಪಿಸಬೇಕು. ನಾನು "ಪಾಂಚ, ಸಾತ, ದೋನ, ಸಾತ" ಎಂದೆ. ಶ್ರೇಯಾ ನನ್ನನ್ನೇ ನೋಡಿದಳು. ಪರೀಕ್ಷೆಯಲ್ಲಿ ನಪಾಸಾಗುತ್ತಿರುವ ಸಹಪಾಠಿಯನ್ನು ಮಕ್ಕಳು ನೋಡುವ ನೋಟ ಅದು. ಮೆಲ್ಲಗೆ ನನ್ನ ಕಡೆ ಬಾಗಿ ಕನ್ನಡದಲ್ಲಿ ಕೇಳಿದಳು:

"ಮಾಸ್ತರಜ್ಜ, ಮೇಡಂ ಹೇಳದ್ದು ಸ ಅಲ್ದಾ? ಆರು. ನೀವು ಸಾತ ಅಂದ್ರಿ, ಎರಡು ಸಲ."

ಚೈತ್ರಾ ತಲೆಯೆತ್ತಿದರು. ಹಾಳೆಯಲ್ಲಿದ್ದದ್ದು ಆರೇ.

"ನಿಮ್ಗೆ ಕಷ್ಟ ಆದ್ರೆ ಕನ್ನಡದಲ್ಲೇ ಹೇಳಿ, ಅಡ್ಡಿಲ್ಲ. ನಾ ಮನ್ಸಿನೊಳಗೆ ಕೊಂಕಣಿ ಮಾಡ್ಕಂತೆ" ಎಂದಳು ಹುಡುಗಿ.

ನಾನು ತಗ್ಗಿದ ದನಿಯಲ್ಲಿ, ಆಗಲೇ ಕೆಡಿಸಿದ್ದ ಪ್ರಶ್ನೆಗಳನ್ನು ನಮ್ಮ ಊರಿನ ಕನ್ನಡದಲ್ಲಿ ಹೇಳಿದೆ. ಅವಳು ಅವನ್ನು ಕೊಂಕಣಿಯಲ್ಲಿ ಒಮ್ಮೆ ಗುನುಗಿಕೊಂಡು, ಉತ್ತರವನ್ನು ಕನ್ನಡಕ್ಕೆ ತಂದು, ನನಗೂ ಚೈತ್ರಾರಿಗೂ ಹಂಚಿದಳು. "ದೋಣಿಲೂ ಬಸ್ಸಿಲೂ ಕೂತ್ಕಂಡು ಹೋಗೂಕಾಗ್ತದೆ. ಎರಡೂ ಹೇಳಿದ ಹೊತ್ತಿಗೆ ಬರೂದಿಲ್ಲ. ಆ ಚಿತ್ರದಲ್ಲಿ ಸೇರದ್ದು ಕುರ್ಚಿ. ಮಾಸ್ತರಜ್ಜ ಕೊಳ್ತು ಹೋದದ್ದು ಯಾವ್ದು ಕೇಳಿದ್ರು. ಕೊಳ್ತದ್ದು ಒಂದೂ ಇಲ್ಲ."

ಚೈತ್ರಾ ಪೆನ್ನು ಕೆಳಗಿಟ್ಟರು. ನಗು ಬಂದಿತ್ತು, ಆದರೆ ನಗಲಿಲ್ಲ. "ಸರ್, ಇಷ್ಟು ಹೊತ್ತು ನಾನು ಅಳೆದದ್ದು ಇವಳನ್ನೋ ನಿಮ್ಮನ್ನೋ ಗೊತ್ತಾಗ್ತಾ ಇಲ್ಲ. ನಿಮ್ಮ ಕೊಂಕಣಿ ಎಷ್ಟು ಅಂತ ನಾನೂ ಮೊದಲೇ ವಿಚಾರಿಸಬೇಕಿತ್ತು. ಇವತ್ತಿನದನ್ನ ಬಿಟ್ಟುಬಿಡೋಣ." ಹೀಗೆ ನನ್ನ ಅಂಕಪಟ್ಟಿ ರದ್ದಾಯಿತು. ಹುಡುಗಿಯ ಭವಿಷ್ಯವನ್ನು ನನ್ನ ಶಬ್ದದಾರಿದ್ರ್ಯದ ಕೈಗೆ ಕೊಟ್ಟು ಕೂತಿದ್ದೆನಲ್ಲ ಎಂಬ ಭಯ ಬಂದದ್ದು ಆಮೇಲೆ, ಹೊರಗೆ ಬೆಂಚಿನ ಮೇಲೆ ಕುಳಿತು ನೀರು ಕುಡಿದಾಗ.

ಮುಂದಿನ ಸಲ ಕಾರವಾರದಿಂದ ಕೊಂಕಣಿ ಮನೆಮಾತಿನ ಇನ್ನೊಬ್ಬ ಮನಃಶಾಸ್ತ್ರಜ್ಞೆ ಬಂದಿದ್ದರು. ನನ್ನನ್ನು ಮಂಗಲಾಳ ಪಕ್ಕ ಬೆಂಚಿಗೆ ವರ್ಗಾಯಿಸಲಾಗಿತ್ತು. ಎರಡೂ ಭಾಷೆಗಳಲ್ಲಿ ಪರೀಕ್ಷೆ ನಡೆಯಿತು. ಒಳಗಿನಿಂದ ಶ್ರೇಯಾಳ ದನಿ ಕೇಳಿಸಿದಾಗಲೆಲ್ಲ ಮಂಗಲಾ ನನ್ನ ಮುಖ ನೋಡುತ್ತಿದ್ದಳು, ನಾನು ಗೋಡೆ ನೋಡುತ್ತಿದ್ದೆ.

ಕೊನೆಗೆ ಚೈತ್ರಾ ನಮ್ಮನ್ನು ಒಳಗೆ ಕರೆದರು. "ಬುದ್ಧಿಗೆ ಏನೂ ಕಡಿಮೆಯಿಲ್ಲಮ್ಮ. ಅಕ್ಷರವನ್ನ ಶಬ್ದಕ್ಕೆ ಹೊಂದಿಸೋದು ಅವಳಿಗೆ ನಿಜವಾಗಿಯೂ ಕಷ್ಟ. ಅದು ಒಂದೇ ಭಾಷೆ ಇದ್ದಿದ್ದರೂ ಇರ್ತಿತ್ತು. ನಿಧಾನವಾಗಿ, ಬೇರೆ ರೀತಿಯಲ್ಲಿ ಕಲಿಸಬೇಕು. ಪ್ರಶ್ನೆಪತ್ರಿಕೆಯನ್ನ ಅವಳಿಗೆ ಯಾರಾದ್ರೂ ಓದಿ ಹೇಳ್ಬೇಕು. ಶಾಲೆಯವರ ಹತ್ರ ನಾನೇ ಮಾತಾಡ್ತೀನಿ."

"ಮತ್ತೆ ಕೊಂಕಣಿ?" ಮಂಗಲಾ ಕೇಳಿದಳು.

"ಕೊಂಕಣಿ ಏನು ಮಾಡ್ತು? ಮಾತಾಡಿ. ಅವಳು ಯೋಚನೆ ಮಾಡೋದು ಅದರಲ್ಲೇ."

ಮಂಗಲಾ ತಲೆ ತಗ್ಗಿಸಿದಳು. "ಆತು" ಎಂದಳು. ಸ್ವಲ್ಪ ಹೊತ್ತು ಸೆರಗನ್ನು ಕಣ್ಣಿನಿಂದ ತೆಗೆಯಲಿಲ್ಲ.

ಶ್ರೇಯಾ ಇಂದಿಗೂ ತಡವರಿಸಿಯೇ ಓದುತ್ತಾಳೆ. ಪಕಾರ ಇನ್ನೂ ಪೂರ್ತಿ ಶರಣಾಗಿಲ್ಲ. ಆದರೆ ತರಗತಿಯಲ್ಲಿ ಬಾಯಿಮಾತಿನಲ್ಲಿ ಕೇಳಿದ ಪ್ರಶ್ನೆಗೆ ಕೈಯೆತ್ತುತ್ತಾಳಂತೆ. ಕನ್ನಡವೆಂಬ ಒಂದೇ ಗಜಕಡ್ಡಿ ಹಿಡಿದು ಮಕ್ಕಳ ಮೌನವನ್ನು ಅಳೆದ ನನ್ನ ಅಧ್ಯಾಪನದ ವರ್ಷಗಳು ನೆನಪಾದಾಗ, ಹಿಂದಿನ ಬೆಂಚುಗಳಲ್ಲಿ ಯಾವ ಯಾವ ಭಾಷೆಗಳು ಬಾಯಿ ಮುಚ್ಚಿ ಕುಳಿತಿದ್ದವೋ ಎನಿಸುತ್ತದೆ.

ಚೈತ್ರಾ ಫಲಿತಾಂಶ ಹೇಳಿದ ಆ ದಿನ ಕುಮಟೆಯಿಂದ ಹಿಂದಿರುಗುವ ಬಸ್ಸಿನಲ್ಲಿ ನಾನು ಮುಂದಿನ ಸೀಟಿನಲ್ಲಿದ್ದೆ, ತಾಯಿ ಮಗಳು ಹಿಂದೆ. ಬಸ್ಸು ಪೇಟೆ ದಾಟಿದ ಮೇಲೆ ಮಂಗಲಾ ಕೊಂಕಣಿಯಲ್ಲಿ ಮಗಳನ್ನು ಏನೋ ಚಿಕ್ಕದೊಂದು ಕೇಳಿದಳು, ಹಸಿವಾಯಿತೇ ಎಂದಿರಬೇಕು. ಹುಡುಗಿ ಶುರುಮಾಡಿದಳು. ಎಷ್ಟೋ ತಿಂಗಳಿಂದ ಕೂಡಿಟ್ಟದ್ದೆಲ್ಲ ಒಂದೇ ಸಮನೆ ಹೊರಬಂತು. ಶರಾವತಿಯ ಸೇತುವೆ ಬಂದರೂ ಅವಳ ಮಾತು ಮುಗಿದಿರಲಿಲ್ಲ, ತಾಯಿ ನಡುವೆ ತಡೆಯಲೂ ಇಲ್ಲ. ನನಗೆ ಅರ್ಥವಾದದ್ದು ಒಂದೇ ಶಬ್ದ, 'ಮಾಸ್ತರಜ್ಜ' ಎಂಬುದು. ಅದಾದೊಡನೆ ಇಬ್ಬರೂ ಜೋರಾಗಿ ನಕ್ಕರು. ನಾನು ತಿರುಗಿ ನೋಡದೆ ಕಿಟಕಿಯಾಚೆಯ ಹೊಳೆಯನ್ನೇ ನೋಡುತ್ತ, ಆ ನಗುವನ್ನು ಮನಸಾರೆ ಕೇಳುತ್ತ ಕುಳಿತಿದ್ದೆ.