ಎಡಚನನ್ನು ತೆಗೆದುಕೊಂಡ ದಿನ

ನಮ್ಮ ಪಿ.ಟಿ. ಮೇಡಂ ಅವರ ಬಲಗೈ ತೋರುಬೆರಳು ಮೇಲಿನ ಗೆಣ್ಣಿನಲ್ಲಿ ಎಡಕ್ಕೆ ಸೊಟ್ಟಗಿತ್ತು. ಹುಡುಗಿಯಾಗಿದ್ದಾಗ ಬ್ಯಾಸ್ಕೆಟ್‌ಬಾಲ್ ಬಡಿದು ಮುರಿದದ್ದು. ಹಾಸನದ ನಾಟಿ ವೈದ್ಯರೊಬ್ಬರು ಬಿದಿರಿನ ದಬ್ಬೆ ಕಟ್ಟಿದ್ದರು, ಮೂಳೆ ಸೊಟ್ಟಗೇ ಕೂಡಿಕೊಂಡಿತು. ಆದ್ದರಿಂದ ಮೇಡಂ ಟಿ.ವಿ.ಯಲ್ಲಿ ಒಬ್ಬ ಆಟಗಾರನನ್ನು ತೋರಿಸಿದರೆ ಬೆರಳು ಅವನ ಪಕ್ಕದವನನ್ನು ತೋರಿಸುತ್ತಿತ್ತು. "ಅವನಲ್ಲಯ್ಯ, ಇವನು!" ಎಂದು ಗದರುತ್ತಿದ್ದರು, ತಪ್ಪೆಲ್ಲ ನಮ್ಮ ಕಣ್ಣಿನದು ಎನ್ನುವ ಹಾಗೆ.

ಎಂಬತ್ತರ ದಶಕದ ನಡುವಿನ ಮಾತು. ಕ್ಯಾಲಿಫೋರ್ನಿಯಾದ ನೆವಾರ್ಕಿನ ಎರಡು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ನಾನು ಮೇಲೆ, ಅವರು ಕೆಳಗೆ. ಅವರ ಯಜಮಾನರು ಬೆಂಗಳೂರಿನವರು, ಮೆನ್ಲೋ ಪಾರ್ಕಿನ ಒಂದು ಲ್ಯಾಬಿನಲ್ಲಿ ಕೆಲಸ. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ಮದುವೆಗೆ ಮೊದಲು ಮೇಡಂ ಹಾಸನದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವರು. ಅಮೆರಿಕಕ್ಕೆ ಬಂದ ಮೇಲೆ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮಕ್ಕಳನ್ನು ಅವರು ಮುದ್ದು ಮಾಡಿದ್ದಕ್ಕಿಂತ ಸಾಲಾಗಿ ನಿಲ್ಲಿಸಿದ್ದೇ ಹೆಚ್ಚಿರಬೇಕು.

ಊರಿನ ಹೆಸರು ಹಿಡಿದು ಕರೆಯುವುದು ಅವರ ಅಭ್ಯಾಸ. ನಾನು ಮಂಡ್ಯ. ನನ್ನ ಅಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದವರು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಕಂಡವನು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಆಗಲೂ ಇರಲಿಲ್ಲ. ಕಾಲೇಜಿನಲ್ಲಿ ಮೇಷ್ಟರುಗಳು "ಪಾಪ, ಹಳ್ಳಿ ಹುಡುಗ" ಎಂದುಕೊಂಡೇ ನನ್ನನ್ನು ದಾಟಿಸಲು ನೋಡುತ್ತಿದ್ದರು. ಆ "ಪಾಪ" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಓದಿ ಬರೆದು ಗಳಿಸಿದ ಅಂಕವೂ ಯಾರೋ ಕನಿಕರದಿಂದ ಹಾಕಿದ್ದೇನೋ ಎಂದು ನನಗೇ ಅನುಮಾನ ಬರುವಂತೆ ಮಾಡುತ್ತಿತ್ತು ಅದು.

ಮೇಡಂ ನನಗೆ ಯಾವತ್ತೂ ಪಾಪ ಎಂದವರಲ್ಲ. ಸ್ಯಾನ್ ಹೊಸೆಯಲ್ಲಿ ಎಂ.ಎಸ್. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ನನಗೆ ಇಂಟರ್ವ್ಯೂಗೆ ಅಭ್ಯಾಸ ಮಾಡಿಸಿದ್ದು ಅವರೇ, ಅವರ ಅಡುಗೆಮನೆಯ ಮೇಜಿನ ಮುಂದೆ. ಹುರುಳಿಕಾಯಿ ಸೋಸುತ್ತಾ ಕೇಳಿಸಿಕೊಂಡು, ಕೊನೆಗೆ ಹೇಳಿದ್ದರು: "ನೋಡು ಮಂಡ್ಯ, ಸುಳ್ಳು ಹೇಳಲ್ಲ. ನೀನು ಏನು ಹೇಳ್ದೆ ಅಂತ ನನಗೆ ಒಂದಕ್ಷರ ಗೊತ್ತಾಗ್ಲಿಲ್ಲ. ಆ ಅಮೆರಿಕದೋನಿಗೆ ಎಲ್ಲಿ ಗೊತ್ತಾಗತ್ತೆ? ಮತ್ತೆ ಮೊದಲಿಂದ ಹೇಳು." ಸರ್ ಒಳಗಿನಿಂದ "ಚೆನ್ನಾಗೇ ಹೇಳಿದ್ನಲ್ಲೇ" ಎಂದರೆ, "ನೀವು ಸುಮ್ನಿರಿ, ಕೆಲಸ ಸಿಗಬೇಕಾಗಿರೋದು ಅವನಿಗೆ" ಎಂದರು. ಕಾಯಿ ಮುಗಿಯುವವರೆಗೆ ಹೇಳಿಸಿದರು. ಕೆಲಸ ಸಿಕ್ಕಿತು.

ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಆರಿಸಿಕೊಳ್ಳುವ ಆಟ ನಮಗೆ ಬಂದದ್ದು ಸರ್ ಅವರ ಲ್ಯಾಬಿನ ಅಮೆರಿಕನ್ನರಿಂದ. ಸೀಸನ್ ಶುರುವಾಗುವ ಮೊದಲು ಎಲ್ಲರೂ ಒಂದು ಕಡೆ ಸೇರಬೇಕು. ಸರದಿಯ ಪ್ರಕಾರ ಒಬ್ಬೊಬ್ಬರು ಒಬ್ಬೊಬ್ಬ ನಿಜವಾದ ಆಟಗಾರನನ್ನು ತನ್ನ ತಂಡಕ್ಕೆ ಹೇಳಬೇಕು. ಒಬ್ಬರು ಹೇಳಿದವನನ್ನು ಇನ್ನೊಬ್ಬರು ಹೇಳುವಂತಿಲ್ಲ. ಆಮೇಲೆ ಅವನು ಅಂಕಣದಲ್ಲಿ ಗಳಿಸಿದ ಅಂಕಗಳನ್ನು ಪೇಪರಿನಲ್ಲಿ ನೋಡಿ ಕೂಡಿಸಿಕೊಳ್ಳುತ್ತಾ ಹೋಗುವುದು. ಕೊನೆಗೆ ಯಾರ ಮೊತ್ತ ಹೆಚ್ಚೋ ಅವರು ಗೆದ್ದಂತೆ. ನಾವು ಐದು ಜನ: ಮೇಡಂ, ಸರ್, ಮೈಸೂರಿನ ಒಬ್ಬ ಡಾಕ್ಟರು, ಮೇಡಂ ಬಾಯಲ್ಲಿ "ಬಸವನಗುಡಿ" ಆಗಿದ್ದ ಒಬ್ಬ ಇಂಜಿನಿಯರು, ಮತ್ತು ನಾನು.

ಹೀಗೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟು ಎಂದು ಹೆಸರು. ನಮ್ಮ ಡ್ರಾಫ್ಟು ನಡೆಯುತ್ತಿದ್ದದ್ದು ಆಯುಧಪೂಜೆಗೆ ಹತ್ತಿರದ ಭಾನುವಾರ. ಮೊದಲು ಕಾರುಗಳ ಪೂಜೆ. ಬೂದುಗುಂಬಳ ಸಿಗದ ಕಾರಣ ಹ್ಯಾಲೊವೀನಿಗೆಂದು ಅಂಗಡಿಗೆ ಬಂದ ಕೇಸರಿ ಕುಂಬಳಕಾಯಿಗೆ ಕುಂಕುಮ ತುಂಬಿ ಪಾರ್ಕಿಂಗ್ ಲಾಟಿನಲ್ಲಿ ಒಡೆಯುತ್ತಿದ್ದೆವು. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹೆಂಗಸು ಕಿಟಕಿಯಿಂದ ನೋಡಿ ತಲೆ ಆಡಿಸುತ್ತಿದ್ದಳು. ಬ್ಯಾಸ್ಕೆಟ್‌ಬಾಲಿಗೂ ಅರಿಶಿನ ಕುಂಕುಮ. ಆಮೇಲೆ ಹಿಂದಿನ ಅಂಗಳದಲ್ಲಿದ್ದ ಬುಟ್ಟಿಗೆ ಎಲ್ಲರೂ ಒಂದೊಂದು ಸಲ ಚೆಂಡು ಎಸೆಯುವುದು. ಬುಟ್ಟಿಗೆ ಹಾಕಿದವರಿಗೆ ಸರದಿಯಲ್ಲಿ ಮೊದಲ ಜಾಗ.

ಮೊದಲ ವರ್ಷ ನಾನು ಒಂದು ನಿಯಮ ಮಾಡಿಕೊಂಡಿದ್ದೆ. ಡಿಗ್ರಿ ಮುಗಿಸಿದ ಆಟಗಾರರನ್ನು ಮಾತ್ರ ತೆಗೆದುಕೊಳ್ಳುವುದು. ಕಾಲೇಜು ಅರ್ಧಕ್ಕೆ ಬಿಟ್ಟು ದುಡ್ಡಿನ ಆಟಕ್ಕೆ ಓಡಿಬಂದವರು ನನ್ನ ತಂಡಕ್ಕೆ ಬೇಡ. ತಮಾಷೆಯಲ್ಲ, ನನಗೆ ಅದು ನಿಜವಾಗಿಯೂ ಸರಿ ಅನ್ನಿಸಿತ್ತು. ಕೊನೆಯ ಸ್ಥಾನಕ್ಕೆ ಬಂದೆ.

"ಏನಪ್ಪ ಮಂಡ್ಯ, ಇದೇನು ಬ್ಯಾಂಕ್ ಗುಮಾಸ್ತರ ನೇಮಕಾತಿನಾ? ಮಾರ್ಕ್ಸ್ ಕಾರ್ಡ್ ತರಿಸಿ ನೋಡ್ದೆಯೇನು?" ಎಂದು ಮೇಡಂ ಬಿದ್ದು ಬಿದ್ದು ನಕ್ಕರು. ನಾನು ನಿಯಮ ಬಿಡಲಿಲ್ಲ. ಮರುವರ್ಷವೂ ಅದೇ, ಅದರ ಮರುವರ್ಷವೂ ಅದೇ.

ಅವರಿಗೆ ಪ್ರೀತಿಯವನೊಬ್ಬನಿದ್ದ. ಪೂರ್ವದ ಕಡೆಯ ತಂಡವೊಂದರ ಎಡಗೈ ಆಟಗಾರ. ಮೇಡಂ ಅವನನ್ನು ಹೆಸರು ಹಿಡಿದು ಕರೆಯಲೇ ಇಲ್ಲ, ಎಡಚ ಎಂದೇ ಕರೆದರು. ಹಾಸನದಲ್ಲಿ ಹುಡುಗಿಯರಿಗೆ ಎರಡೂ ಕೈಯಲ್ಲಿ ಚೆಂಡು ಆಡಿಸುವುದನ್ನು ಕಲಿಸುತ್ತಿದ್ದರಂತೆ. ಒಬ್ಬಳ ತಾಯಿ ಶಾಲೆಗೇ ಬಂದು, "ನಾಳೆ ಅತ್ತೆಮನೇಲಿ ಎಡಗೈಯಲ್ಲಿ ಬಡಿಸಿದ್ರೆ ನೀವು ಬಂದು ಉತ್ತರ ಕೊಡ್ತೀರಾ?" ಎಂದು ಜಗಳ ತೆಗೆದಿದ್ದಳಂತೆ. "ಕೊಡ್ತೀನಿ, ಅತ್ತೆ ಅಡ್ರೆಸ್ ಕೊಡಿ" ಎಂದಿದ್ದರಂತೆ ಇವರು. ಎಡಚ ಕಾಲೇಜು ಅರ್ಧಕ್ಕೆ ಬಿಟ್ಟವನು. ಹಾಗಾಗಿ ನಾನು ಅವನ ತಂಟೆಗೆ ಹೋಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬೇರೆಯವರು ಮಾತ್ರ ಬಿಡುತ್ತಿರಲಿಲ್ಲ. ಡಾಕ್ಟರು ಒಂದು ವರ್ಷ ಬೇಕೆಂದೇ ಅವನನ್ನು ಮೊದಲು ಹಾರಿಸಿಕೊಂಡಾಗ ಮೇಡಂ ಆ ಡಾಕ್ಟರಿಗೆ ಕಾಫಿ ಕೊಡಲಿಲ್ಲ.

ನಾನು ಹೇಳಬೇಕಾಗಿರುವ ಡ್ರಾಫ್ಟು ಅವರ ಕೊನೆಯದು. ಆ ಬೇಸಿಗೆಯಲ್ಲಿ ಅವರಿಗೆ ಎದೆಯ ಕ್ಯಾನ್ಸರಿನ ಆಪರೇಷನ್ ಆಗಿತ್ತು. ರೋಗ ಪೂರ್ತಿ ಹೋಗಿರಲಿಲ್ಲ, ಹೋಗುವುದೂ ಇಲ್ಲವೆಂದು ನಮಗೆಲ್ಲ ತಿಳಿದಿತ್ತು. ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದರು. ಡ್ರಾಫ್ಟು ಬೇಡವೇನೋ ಎಂದು ನಾವು ಗೊಣಗಿದಾಗ ಅವರೇ ಒಬ್ಬೊಬ್ಬರಿಗೂ ಫೋನ್ ಮಾಡಿದರು. ನನಗೆ ಹೇಳಿದ್ದು ಇಷ್ಟು: "ಭಾನುವಾರ ಬಾ. ಆಡೋಕೆ ಬಾ, ನೋಡ್ಕೊಂಡು ಹೋಗೋಕೆ ಬರಬೇಡ. ಮೂರು ತಿಂಗಳಿಂದ ನೋಡ್ಕೊಂಡು ಹೋಗೋರೇ ಬರ್ತಿದಾರೆ, ಸಾಕಾಗಿದೆ ನಂಗೆ."

ಕುಂಬಳಕಾಯಿ ಒಡೆದೆವು. ಮೇಡಂ ಎಡಗೈಯಲ್ಲಿ ಚೆಂಡು ಎಸೆದರು. ಅದು ಬುಟ್ಟಿಯವರೆಗೆ ಹೋಗಲೇ ಇಲ್ಲ. ಆಮೇಲೆ ಡಾಕ್ಟರು ಎಸೆದರು, ಹೊರಗೆ ಬಿತ್ತು. ಬಸವನಗುಡಿಯ ಚೆಂಡು ಬೇಲಿಯಾಚೆ ಹೋಯಿತು. ಅವನು ಕಣ್ಣು ಮುಚ್ಚಿ ಹಾಕಿದರೂ ಬುಟ್ಟಿಗೆ ಬೀಳಿಸುವವನು. ಸರ್ ಕೂಡ ತಪ್ಪಿಸಿದರು. ನನ್ನದು ಯಾವತ್ತೂ ಬೀಳದ ಚೆಂಡು, ಅವತ್ತೂ ಬೀಳಲಿಲ್ಲ.

"ಹಾಗಾದ್ರೆ ಮೇಡಮ್ಮೇ ಮೊದಲು ತಗೊಳ್ಳಲಿ" ಎಂದರು ಡಾಕ್ಟರು, ಮೆತ್ತಗೆ. ಆಸ್ಪತ್ರೆಯ ದನಿ ಅದು.

ಮೇಡಂ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. "ಮನೆಯವಳು ಊಟಕ್ಕೆ ಕೂರೋದು ಕೊನೆಗೆ. ನಾನು ಕೊನೆ. ನಡೀರಿ ಒಳಗೆ" ಎಂದರು.

ಒಳಗೆ ಸೋಫಾದಲ್ಲೊಬ್ಬರು, ನೆಲದ ಮೇಲೊಬ್ಬರು ಕುಳಿತೆವು. ಡಾಕ್ಟರು ಯಾವನೋ ಸಾಧಾರಣ ಆಟಗಾರನ ಹೆಸರು ಹೇಳಿದರು. ಬಸವನಗುಡಿ ಮೊಣಕಾಲು ನೋವಿನಿಂದ ಅರ್ಧ ಸೀಸನ್ ಆಡದವನೊಬ್ಬನನ್ನು ಹೇಳಿದ. ಸರ್ ಹೆಂಡತಿಯ ಮುಖ ನೋಡದೆ ಇನ್ನೊಂದು ಹೆಸರು ಹೇಳಿದರು. ಎಡಚನನ್ನು ಯಾರೂ ಮುಟ್ಟಲಿಲ್ಲ. ಆ ವರ್ಷ ಅವನಿಗಿಂತ ಚೆನ್ನಾಗಿ ಆಡುವವನು ಇಡೀ ದೇಶದಲ್ಲಿ ಇರಲಿಲ್ಲ. ಅವನನ್ನು ಮೇಡಂ ತಟ್ಟೆಗೆ ಬಡಿಸಿ, ಅವರು ತೆಗೆದುಕೊಳ್ಳಲಿ ಎಂದು ಎಲ್ಲರೂ ಕಾಯುತ್ತಿದ್ದರು. ಮೇಡಂ ಟಿ.ವಿ. ಕಡೆ ನೋಡುತ್ತಿದ್ದರು. ಅದು ಆರಿತ್ತು.

ನನ್ನ ಸರದಿ ಬಂತು. ನನ್ನಿಂದ ತೊಂದರೆಯಿಲ್ಲ ಎಂದು ಎಲ್ಲರೂ ಆಗಲೇ ಕಾಫಿ ಲೋಟಕ್ಕೆ ಕೈ ಹಾಕಿದ್ದರು.

"ಎಡಚ" ಎಂದೆ.

ಬಸವನಗುಡಿ ನನ್ನ ಕಡೆ ಬಗ್ಗಿ, "ಏನ್ರೀ, ಮನುಷ್ಯತ್ವ ಇದೆಯೇನ್ರೀ ನಿಮಗೆ?" ಎಂದು ಹಲ್ಲು ಕಚ್ಚಿ ಹೇಳಿದ. ಡಾಕ್ಟರು ಕಾರ್ಪೆಟ್ಟು ನೋಡಿದರು. ಸರ್ ಎದ್ದು ಅಡುಗೆಮನೆಗೆ ಹೋದರು. ನನಗೆ ಆ ಹೊತ್ತಿನಲ್ಲಿ ಏನೂ ಅನ್ನಿಸಲಿಲ್ಲ.

ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಲೋ ಮಂಡ್ಯ. ಅವನು ಡಿಗ್ರಿ ಮುಗಿಸಿಲ್ಲ ಕಣೋ."

"ಗೊತ್ತು ಮೇಡಂ."

"ಗೊತ್ತಿದ್ದೂ ತಗೊಂಡ್ಯಾ?"

"ಗೆಲ್ಲಬೇಕಲ್ಲ ಮೇಡಂ."

"ಕಳ್ಳ ನನ್ಮಗನೆ!" ಎಂದರು. ಅವರ ಬಾಯಲ್ಲಿ ಆ ಮಾತು ನಾವು ಯಾರೂ ಕೇಳಿರಲಿಲ್ಲ. ಆಮೇಲೆ ನಕ್ಕರು. ಹೊಲಿಗೆ ಹಾಕಿದ ಕಡೆ ನೋವಾಗಿರಬೇಕು, ಎಡಗೈಯಿಂದ ಪಕ್ಕೆ ಒತ್ತಿಕೊಂಡೇ ನಕ್ಕರು. "ಸರಿ. ನೀನು ಓದು ಬಿಟ್ಟವನನ್ನ ತಗೊಂಡೆ ತಾನೆ? ಈಗ ನೋಡು" ಎಂದು, ಮೂರು ವರ್ಷ ಬಿಡದೆ ನನ್ನ ತಂಡದಲ್ಲಿದ್ದ ಪದವೀಧರನೊಬ್ಬನನ್ನು ಕಿತ್ತುಕೊಂಡರು. ನಮ್ಮಲ್ಲಿ ಕೊನೆಯವರಿಗೆ ಒಟ್ಟಿಗೆ ಎರಡು ಸರದಿ. ಎರಡನೆಯದರಲ್ಲಿ ಡಾಕ್ಟರು ಒಳಗೊಳಗೇ ಬಯಸುತ್ತಿದ್ದ ಹಿರಿಯ ಆಟಗಾರನೊಬ್ಬ ಹೋದ. "ಅಯ್ಯೋ ಮೇಡಂ, ಅವನನ್ನ ನಾನು ಇಟ್ಕೊಂಡಿದ್ದೆ!" ಎಂದು ಡಾಕ್ಟರು ಕೂಗಿದರು. ಆ ಕೂಗಿನಲ್ಲಿ ಆಸ್ಪತ್ರೆ ಇರಲಿಲ್ಲ.

ಅಲ್ಲಿಂದ ಮುಂದೆ ಅದು ನಿಜವಾದ ಡ್ರಾಫ್ಟಾಯಿತು. ಬಸವನಗುಡಿ ನನ್ನ ಮೇಲಿನ ಸಿಟ್ಟಿಗೆ ನನಗೆ ಬೇಕಾದವರನ್ನೆಲ್ಲ ಎಗರಿಸಿದ. ಸರ್ ಅಡುಗೆಮನೆಯಿಂದ ಮುಖ ತೊಳೆದುಕೊಂಡು ಬಂದು ಹೆಂಡತಿಯ ಜೊತೆ ಒಬ್ಬ ಗಾರ್ಡ್ ಆಟಗಾರನಿಗಾಗಿ ಜಗಳವಾಡಿದರು. ಎಲ್ಲ ಮುಗಿಯುವವರೆಗೂ ಮೇಡಂ ಕುರ್ಚಿ ಬಿಟ್ಟು ಏಳಲಿಲ್ಲ.

ಅವರು ಚಳಿಗಾಲ ದಾಟಲಿಲ್ಲ. ಫ್ರೀಮಾಂಟಿನ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗಲೂ ಕೇಳಿದ್ದು ಎಡಚ ಹಿಂದಿನ ದಿನ ಎಷ್ಟು ಹಾಕಿದ ಎಂದು. ಹೇಳಿದೆ. "ಅನುಭವಿಸು" ಎಂದು ಕಣ್ಣು ಮುಚ್ಚಿದರು. ಅವರು ಹೋದ ದಿನ ನಾನು ಅಳಲಿಲ್ಲ. ಮಾರನೆಯ ದಿನ ಆಫೀಸಿಗೆ ಹೋದೆ, ಮೀಟಿಂಗಿನಲ್ಲಿ ಕುಳಿತೆ, ಸಂಜೆ ಬಂದು ಅನ್ನ ಮಾಡಿಕೊಂಡೆ. ಕೆಳಗಿನ ಮನೆಯಲ್ಲಿ ದೀಪ ಹತ್ತಿದ್ದು ಕಂಡಿತು. ಇಳಿದು ಹೋಗಿ ಸರ್ ಜೊತೆ ಟಿ.ವಿ. ಮುಂದೆ ಕುಳಿತೆ. ಆಟ ನಡೆಯುತ್ತಿತ್ತು. ಇಬ್ಬರೂ ಅದನ್ನು ನೋಡಿದೆವು ಎನ್ನಲಾರೆ.

ಸೀಸನ್ ಮುಗಿದ ಮೇಲೆ ಅದೇ ಮನೆಯಲ್ಲಿ ಸೇರಿದೆವು. ಪೇಪರಿನಿಂದ ಬರೆದಿಟ್ಟುಕೊಂಡ ಅಂಕಗಳನ್ನು ನಾನು ಇನ್ನೂ ಕೂಡುತ್ತಿದ್ದೆ. ಬಸವನಗುಡಿ, "ಈ ವರ್ಷ ಲೆಕ್ಕ ಏನೂ ಬೇಡ. ಮೇಡಮ್ಮೇ ಗೆದ್ರು ಅಂತ ಇಟ್ಕೊಳ್ಳೋಣ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಡಾಕ್ಟರು ಹೂಂ ಎಂದರು. ಸರ್ ನನ್ನನ್ನು ನೋಡಿದರು.

ನಾನು ಕೂಡುವುದನ್ನು ಮುಗಿಸಿದೆ. ಇನ್ನೊಂದು ಸಲ ಕೂಡಿದೆ.

"ಮೇಡಂ ಮೂರನೆಯವರು" ಎಂದೆ.

"ಮೂರನೇದಾ?" ಎಂದರು ಸರ್. "ಅಯ್ಯೋ, ನಾಲ್ಕನೇದು ಯಾರು?"

"ನೀವು ಸರ್."

ಅವರು ಜೋರಾಗಿ ನಕ್ಕರು, ನಗುತ್ತಲೇ ಅತ್ತರು. ಮೇಡಂ ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಅಳು ಬರಲಿಲ್ಲ. ಇದನ್ನು ಬರೆಯುವಾಗಲೂ ಬಂದಿಲ್ಲ. ಆಮೇಲೆ ಆ ಗುಂಪಿನಲ್ಲಿ ಯಾರು ಯಾವ ವರ್ಷ ಗೆದ್ದರು ಎಂಬುದೆಲ್ಲ ನನಗೆ ಮರೆತಿದೆ. ಆ ವರ್ಷ ಮೇಡಂ ಮೂರನೆಯ ಸ್ಥಾನ ಪಡೆದರು. ಅದನ್ನು ಅವರಿಗೆ ಯಾರೂ ಕೊಟ್ಟದ್ದಲ್ಲ.